ಗೀರು ಬಿದ್ದ ಮುಖಗಳು: ಹಳೆಯ ಛಾಯಾಚಿತ್ರಗಳ ದುರಸ್ತಿ ಮತ್ತು ನೆನಪಿನ ಹಕ್ಕು



ಹಳೆಯ ಕುಟುಂಬ ಛಾಯಾಚಿತ್ರವೊಂದರ ಮೇಲಿನ ಗೀರುಗಳನ್ನು ಅಳಿಸುವುದು ಮೇಲ್ನೋಟಕ್ಕೆ ಬಹಳ ಸಣ್ಣ ಕೆಲಸ. ಹಗಲೆಲ್ಲ ಉದ್ಯೋಗದಲ್ಲಿದ್ದು, ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು, ಗುರುತು ಪರಿಚಯವಿಲ್ಲದ ಯಾರದೋ ಅಜ್ಜಿಯ ಕೆನ್ನೆಯ ಮೇಲೆ ಹಾದುಹೋದ ಬಿಳಿಯ ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ಮುಚ್ಚುವ ಸ್ವಯಂಸೇವಕರು ಜಗತ್ತಿನ ಅನೇಕ ದೇಶಗಳಲ್ಲಿದ್ದಾರೆ. ಅವರು ಹಣ ಪಡೆಯುವುದಿಲ್ಲ. ಅವರ ಹೆಸರು ಚಿತ್ರದ ಮೇಲೆ ಉಳಿಯುವುದಿಲ್ಲ. ಕೆಲಸ ಚೆನ್ನಾಗಿ ಮುಗಿದಿದ್ದರೆ ಅಲ್ಲಿ ಕೆಲಸ ನಡೆದಿತ್ತೆಂಬುದೇ ಗೊತ್ತಾಗುವುದಿಲ್ಲ. ಹೀಗಾಗಿ ಇದನ್ನು ಹವ್ಯಾಸವೆಂದು ಕರೆಯುವುದು ರೂಢಿ. ರಾಜಕೀಯವೆಂದು ಯಾರೂ ಕರೆಯುವುದಿಲ್ಲ.

ಆದರೆ ಈ ಕೆಲಸಕ್ಕೆ ಕೈಹಾಕಿದ ಯಾರೂ ಮೂರು ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಾರರು. ಚಿತ್ರದಲ್ಲಿ ಕಾಣೆಯಾದ ಭಾಗವನ್ನು ಯಾವುದರಿಂದ ತುಂಬಬೇಕು? ಹಾಗೆ ತುಂಬುವ ಅಧಿಕಾರ ಯಾರದು? ಕೊನೆಯದಾಗಿ, ದುರಸ್ತಿ ಮಾಡಿಸಲು ಒಂದಾದರೂ ಚಿತ್ರ ಇರುವುದು ಯಾರ ಮನೆಯಲ್ಲಿ? ಮೊದಲನೆಯದು ತಾಂತ್ರಿಕ ಪ್ರಶ್ನೆಯಂತೆ ಕಾಣುತ್ತದೆ, ಎರಡನೆಯದು ನೈತಿಕ ಪ್ರಶ್ನೆಯಂತೆ, ಮೂರನೆಯದು ಸಾಮಾಜಿಕ ಪ್ರಶ್ನೆಯಂತೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಉತ್ತರಿಸಲಾಗದು ಎಂಬುದೇ ಈ ಉಪನ್ಯಾಸದ ಮುಖ್ಯ ವಾದ.

ಮೊದಲು ಗೀರು ಎಂದರೇನೆಂದು ನೋಡೋಣ. ಹಳೆಯ ಕಪ್ಪುಬಿಳುಪು ಛಾಯಾಚಿತ್ರವು ಬರಿಯ ಕಾಗದವಲ್ಲ. ಕಾಗದದ ಮೇಲೆ ಬೇರಿಯಂ ಸಲ್ಫೇಟಿನ ಬಿಳಿಯ ಲೇಪ, ಅದರ ಮೇಲೆ ಜೆಲಟಿನ್ ಪದರ, ಆ ಪದರದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳು. ಮುಖವೆಂದು ಕಣ್ಣು ಗುರುತಿಸುವುದು ಆ ಬೆಳ್ಳಿಯ ದಟ್ಟಣೆಯಲ್ಲಿರುವ ವ್ಯತ್ಯಾಸವನ್ನು. ಜೆಲಟಿನ್ ಎಂಬುದು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆದ ಅಂಟು. ಒದ್ದೆಯಾದರೆ ಅದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬೂಷ್ಟಿಗೂ ಬ್ಯಾಕ್ಟೀರಿಯಾಗಳಿಗೂ ಆಹಾರವಾಗುತ್ತದೆ. ಮಲೆನಾಡಿನಲ್ಲಿ ಮತ್ತು ಕರಾವಳಿಯಲ್ಲಿ ಗೋಡೆಗೆ ತೂಗುಹಾಕಿದ ಚಿತ್ರಗಳು ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಚೌಕಟ್ಟಿನ ಗಾಜಿಗೆ ಅಂಟಿಕೊಳ್ಳುವುದು ಇದೇ ಕಾರಣದಿಂದ. ಆಗ ಗಾಜನ್ನು ಬಲವಂತವಾಗಿ ಕಿತ್ತರೆ ಮುಖ ಗಾಜಿನೊಂದಿಗೆ ಹೋಗುತ್ತದೆ, ಕೈಯಲ್ಲಿ ಕಾಗದ ಉಳಿಯುತ್ತದೆ.

ಬಣ್ಣದ ಚಿತ್ರಗಳಲ್ಲಿ ಪದರಗಳು ಮೂರು. ಮೇಲೆ ನೀಲಿ-ಹಸುರಿನ ಸಯಾನ್, ನಡುವೆ ಮಜೆಂತಾ, ತಳದಲ್ಲಿ ಹಳದಿ. ಗೀರು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಅದರ ಬಣ್ಣವೇ ಹೇಳುತ್ತದೆ. ಮೇಲ್ಪದರ ಮಾತ್ರ ಹೋಗಿದ್ದರೆ ಅಲ್ಲಿ ಕೆಂಪು ಛಾಯೆ ಕಾಣುತ್ತದೆ. ಎರಡು ಪದರಗಳು ಹೋಗಿದ್ದರೆ ಹಳದಿ. ಮೂರೂ ಹೋಗಿದ್ದರೆ ಬಿಳುಪು. ದುರಸ್ತಿಗಾರರು ಈ ಬಣ್ಣಗಳನ್ನು ವೈದ್ಯರು ಗಾಯವನ್ನು ಓದುವಂತೆ ಓದುತ್ತಾರೆ. ಕೆಂಪು ಎಂದರೆ ಕೆಳಗೆ ಇನ್ನೂ ಮಾಹಿತಿ ಉಳಿದಿದೆ ಎಂದರ್ಥ. ಬಿಳುಪು ಎಂದರೆ ಅಲ್ಲಿ ಏನೂ ಉಳಿದಿಲ್ಲ, ಇನ್ನು ಮುಂದೆ ಆ ಜಾಗದಲ್ಲಿ ಏನೇ ಬಂದರೂ ಅದು ಮೂಲದ್ದಲ್ಲ ಎಂದರ್ಥ.

ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತುಗಳು ಸುಲಭವಾಗುತ್ತವೆ. ದುರಸ್ತಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮಸುಕಾಗಿ ಉಳಿದಿರುವುದನ್ನು ಕಾಣುವಂತೆ ಮಾಡುವುದು ಒಂದು. ಇಲ್ಲದಿರುವುದನ್ನು ಊಹಿಸಿ ಬರೆಯುವುದು ಇನ್ನೊಂದು. ಕೈ ಎರಡಕ್ಕೂ ಒಂದೇ, ಸಾಧನವೂ ಒಂದೇ. ಹೊಣೆ ಮಾತ್ರ ಒಂದೇ ಅಲ್ಲ.

ಸಾಮೂಹಿಕ ಸ್ವಯಂಸೇವೆಯಾಗಿ ಈ ಕೆಲಸ ಬೆಳೆದದ್ದು ದುರಂತಗಳ ನಡುವೆ. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತವು ಅಮೆರಿಕದ ಗಲ್ಫ್ ತೀರವನ್ನು ಅಪ್ಪಳಿಸಿತು. ಅಲ್ಲಿನ ಹಾನಿಯನ್ನು ವರದಿ ಮಾಡಿದ ವರ್ಜೀನಿಯಾದ ಪತ್ರಿಕಾ ಛಾಯಾಗ್ರಾಹಕರು, ಕೆಸರು ಹಿಡಿದ ಆಲ್ಬಂಗಳು ಕಸದ ರಾಶಿ ಸೇರುವುದನ್ನು ಕಂಡು, 2006ರಲ್ಲಿ ಆಪರೇಷನ್ ಫೋಟೋ ರೆಸ್ಕ್ಯೂ ಎಂಬ ಸಂಘಟನೆಯನ್ನು ಕಟ್ಟಿದರು. ಅವರು ಅನುಸರಿಸಿದ ಕ್ರಮ ಸರಳವಾಗಿತ್ತು, ಆದರೆ ಅದರ ಹಿಂದೆ ಗಟ್ಟಿಯಾದ ವಿವೇಕವಿತ್ತು. ಸಂತ್ರಸ್ತರ ಊರಿಗೇ ಹೋಗಿ, ಹಾನಿಗೊಂಡ ಚಿತ್ರಗಳನ್ನು ಅಲ್ಲಿಯೇ ಕ್ಯಾಮೆರಾದಲ್ಲಿ ಪ್ರತಿ ತೆಗೆದು, ಮೂಲವನ್ನು ಮನೆಯವರ ಕೈಗೇ ಮರಳಿಸುವುದು. ದುರಸ್ತಿಯ ಕೆಲಸ ಪ್ರತಿಯ ಮೇಲೆ ಮಾತ್ರ. ಆ ಪ್ರತಿಗಳು ಅಂತರ್ಜಾಲದ ಮೂಲಕ ದೂರದೂರದ ಸ್ವಯಂಸೇವಕರಿಗೆ ಹಂಚಿಕೆಯಾಗುತ್ತಿದ್ದವು. ಎಲ್ಲವನ್ನೂ ಕಳೆದುಕೊಂಡವರ ಕೈಯಿಂದ ಉಳಿದ ಒಂದೇ ಒಂದು ವಸ್ತುವನ್ನು ಒಳ್ಳೆಯ ಉದ್ದೇಶಕ್ಕಾಗಿಯೂ ಕಸಿದುಕೊಳ್ಳಬಾರದೆಂಬ ತಿಳಿವಳಿಕೆ ಆ ಕ್ರಮದಲ್ಲಿ ಅಡಗಿತ್ತು.

ಇದಕ್ಕಿಂತಲೂ ದೊಡ್ಡ ಪ್ರಮಾಣದಲ್ಲಿ ಈ ಕೆಲಸ ನಡೆದದ್ದು ಜಪಾನಿನಲ್ಲಿ. 2011ರ ಮಾರ್ಚ್ 11ರ ಮಧ್ಯಾಹ್ನ ತೋಹೊಕು ಪ್ರದೇಶದ ಕಡಲಲ್ಲಿ 9.0 ತೀವ್ರತೆಯ ಭೂಕಂಪ ಸಂಭವಿಸಿತು. ಅದರ ಬೆನ್ನಿಗೇ ಬಂದ ಸುನಾಮಿ ಕರಾವಳಿಯ ಊರುಗಳನ್ನೇ ಎತ್ತಿಕೊಂಡು ಹೋಯಿತು. ಸತ್ತವರ ಮತ್ತು ಕಾಣೆಯಾದವರ ಒಟ್ಟು ಸಂಖ್ಯೆ 18,000ವನ್ನು ದಾಟಿತು. ಅವಶೇಷಗಳ ನಡುವೆ ಬದುಕಿರುವವರನ್ನೂ ಶವಗಳನ್ನೂ ಹುಡುಕುತ್ತಿದ್ದ ಸೈನಿಕರು ಮತ್ತು ಅಗ್ನಿಶಾಮಕ ಸಿಬ್ಬಂದಿ ಇನ್ನೊಂದು ಕೆಲಸವನ್ನೂ ಮಾಡಿದರು. ಕೆಸರಿನಲ್ಲಿ ಸಿಕ್ಕ ಛಾಯಾಚಿತ್ರಗಳನ್ನು ಎತ್ತಿ ಬದಿಗಿಟ್ಟರು. ಅವು ಶಾಲೆಗಳ ವ್ಯಾಯಾಮಶಾಲೆಗಳಲ್ಲಿ, ಪರಿಹಾರ ಕೇಂದ್ರಗಳಲ್ಲಿ ರಾಶಿಯಾಗಿ ಬಿದ್ದವು.

ಆ ರಾಶಿಗಳನ್ನು ಏನು ಮಾಡಬೇಕೆಂದು ಯಾವ ಸರ್ಕಾರಿ ಕೈಪಿಡಿಯೂ ಹೇಳಿರಲಿಲ್ಲ. ಉತ್ತರ ಕಂಡುಕೊಂಡವರು ಸ್ವಯಂಸೇವಕರು. ಮಿಯಾಗಿ ಪ್ರಾಂತ್ಯದ ಯಾಮಾಮೊತೊ ಎಂಬ ಪುಟ್ಟ ಊರಿನಲ್ಲಿ ನೆನಪುಗಳನ್ನು ಮೇಲೆತ್ತುವ ಯೋಜನೆಯೊಂದು ಆರಂಭವಾಗಿ, ಸುಮಾರು 7.5 ಲಕ್ಷ ಚಿತ್ರಗಳನ್ನು ತೊಳೆದು, ಒಣಗಿಸಿ, ಡಿಜಿಟಲ್ ಪ್ರತಿ ತೆಗೆಯಿತು. ತಣ್ಣೀರಿನಲ್ಲಿ ನೆನೆಸಿ, ಮೃದುವಾದ ಕುಂಚದಿಂದ ಕೆಸರು ತೆಗೆದು, ಬಟ್ಟೆ ಒಣಹಾಕುವಂತೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಡುವುದೇ ವಿಧಾನ. ಫ್ಯೂಜಿಫಿಲ್ಮ್ ಕಂಪನಿ ಈ ವಿಧಾನವನ್ನು ಕಲಿಸುವ ಕಾರ್ಯಕ್ರಮವನ್ನೇ ನಡೆಸಿತು. ಛಾಯಾಚಿತ್ರಗಾರ ಮಸಾಶಿ ಅಸಾದ ಈ ಸ್ವಯಂಸೇವಕರ ಕೆಲಸವನ್ನು ದಾಖಲಿಸಿದರು. ಅವರ ಬದುಕನ್ನು ಆಧರಿಸಿ 2020ರಲ್ಲಿ ಜಪಾನಿನಲ್ಲಿ ಒಂದು ಚಲನಚಿತ್ರವೂ ಬಂತು. 2018ರ ಪ್ರವಾಹದಲ್ಲಿ ಒಕಾಯಾಮಾ ಪ್ರಾಂತ್ಯದ ಮಾಬಿ ಮುಳುಗಿದಾಗ ಅಲ್ಲಿ ಚಿತ್ರ ತೊಳೆಯುವ ಗುಂಪು ಹುಟ್ಟಿತು. ಅಂದರೆ 2011ರ ಅನುಭವ ಒಂದು ಊರಿನಲ್ಲಿ ನಿಲ್ಲದೆ ನಾಗರಿಕ ಪದ್ಧತಿಯಾಗಿ ಬೇರೂರಿತು.

ಇವಾತೆ ಪ್ರಾಂತ್ಯದ ಓಫುನಾತೊ ಪಟ್ಟಣದಲ್ಲಿ ತೊಳೆಯುವುದರ ಮುಂದಿನ ಹೆಜ್ಜೆಯೂ ನಡೆಯಿತು. ಆಲ್ ಹ್ಯಾಂಡ್ಸ್ ಎಂಬ ಸ್ವಯಂಸೇವಾ ಸಂಸ್ಥೆಯೊಂದಿಗೆ ಕೆಸರು ಎತ್ತಲು ಅಲ್ಲಿಗೆ ಹೋಗಿದ್ದವರಲ್ಲಿ ಬೆಕಿ ಮ್ಯಾನ್ಸನ್ ಒಬ್ಬರು. ಅವರ ವೃತ್ತಿ ಜಾಹೀರಾತು ಮತ್ತು ಫ್ಯಾಷನ್ ಚಿತ್ರಗಳನ್ನು ತಿದ್ದುವುದು. ತೆಳ್ಳಗಿರುವ ರೂಪದರ್ಶಿಗಳನ್ನು ಇನ್ನೂ ತೆಳ್ಳಗೆ, ನುಣುಪಾದ ಚರ್ಮವನ್ನು ಇನ್ನೂ ನುಣುಪಾಗಿ ಕಾಣಿಸುವ ಕೈಚಳಕ ಅದು. ಆ ಕೈಚಳಕಕ್ಕೆ ಅಲ್ಲಿ ಬೇರೆಯದೇ ಉಪಯೋಗ ಸಿಕ್ಕಿತು. ಆರು ತಿಂಗಳಲ್ಲಿ ಅಲ್ಲಿನ ತಂಡ 1,35,000 ಚಿತ್ರಗಳನ್ನು ಕೈಯಿಂದ ತೊಳೆಯಿತು. ಜಗತ್ತಿನಾದ್ಯಂತ 500ಕ್ಕೂ ಹೆಚ್ಚು ಜನ ಡಿಜಿಟಲ್ ದುರಸ್ತಿಗೆ ಕೈಜೋಡಿಸಿ, 90 ಕುಟುಂಬಗಳಿಗೆ ನೂರಾರು ಚಿತ್ರಗಳನ್ನು ಸಂಪೂರ್ಣವಾಗಿ ಸರಿಪಡಿಸಿ ಕೊಟ್ಟರು. ಈ ಎಲ್ಲಕ್ಕೂ ತಗುಲಿದ ವೆಚ್ಚ ಸುಮಾರು 1,000 ಡಾಲರ್. ಅದರಲ್ಲಿ ಬಹುಪಾಲು ಮುದ್ರಣದ ಶಾಯಿಗೆ ಹೋಯಿತು. 2012ರಲ್ಲಿ ಮ್ಯಾನ್ಸನ್ ಈ ಅನುಭವವನ್ನು ಸಾರ್ವಜನಿಕ ವೇದಿಕೆಯಲ್ಲಿ ಹಂಚಿಕೊಂಡರು.

ಈ ಅಂಕಿಗಳನ್ನು ಮತ್ತೊಮ್ಮೆ ಗಮನಿಸಬೇಕು. ತೊಳೆದದ್ದು 1,35,000. ಡಿಜಿಟಲ್ ಆಗಿ ಸರಿಪಡಿಸಿದ್ದು ನೂರಾರು. ತೊಳೆಯುವುದು ಉಳಿಸುವ ಕೆಲಸ, ಅದು ಎಲ್ಲರದಕ್ಕೂ ಆಗಬೇಕು. ಹರಿದ ಮುಖವನ್ನು ಮತ್ತೆ ಕಟ್ಟುವುದು ನಿಧಾನದ ಕೆಲಸ. ಕೇಳಿದವರಿಗೆ, ಕೇಳಿದ ಚಿತ್ರಕ್ಕೆ, ಕೇಳಿದಷ್ಟೇ ಆಗಬೇಕು. ಎರಡನೆಯದಕ್ಕೆ ಚಿತ್ರದ ಒಡೆಯರೊಡನೆ ಮಾತುಕತೆ ಬೇಕು. ಕಿಮೊನೊದ ಹರಿದುಹೋದ ತೋಳಿನ ಮೇಲಿದ್ದ ವಿನ್ಯಾಸ ಯಾವುದು, ತಂದೆಯ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತೆ, ಮಗುವಿನ ಕೈಯಲ್ಲಿದ್ದ ಆಟಿಕೆ ಏನು ಎಂಬುದು ತಂತ್ರಾಂಶಕ್ಕೆ ತಿಳಿಯದು. ಅದೇ ವ್ಯಕ್ತಿಯ ಇನ್ನೊಂದು ಚಿತ್ರ ಸಿಕ್ಕರೆ ಅದರಿಂದ ತೆಗೆದುಕೊಳ್ಳಬಹುದು. ಸಿಗದಿದ್ದರೆ ಬದುಕುಳಿದವರ ನೆನಪೇ ಆಧಾರ.

ಇಲ್ಲಿ ಮೊದಲ ಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆ. ಕಾಣೆಯಾದದ್ದನ್ನು ಸಾಕ್ಷ್ಯದಿಂದ ತುಂಬಬೇಕು. ಸಾಕ್ಷ್ಯವಿಲ್ಲದ ಕಡೆ ಖಾಲಿ ಬಿಡುವ ಧೈರ್ಯ ಬೇಕು. ಹಿನ್ನೆಲೆಯ ಗೋಡೆ, ಆಕಾಶ, ಸ್ಟುಡಿಯೋದ ಪರದೆ ಇವುಗಳನ್ನು ಪಕ್ಕದ ಭಾಗದಿಂದ ನಕಲು ಮಾಡಿ ತುಂಬಿದರೆ ಯಾರಿಗೂ ಅನ್ಯಾಯವಾಗದು. ಕಣ್ಣು, ತುಟಿ, ಮೂಗಿನ ಹೊಳ್ಳೆಗಳನ್ನು ಹಾಗೆ ತುಂಬಿದರೆ ಅಲ್ಲಿ ಹುಟ್ಟುವುದು ಬೇರೊಬ್ಬ ಮನುಷ್ಯ.

ಇಂದಿನ ಇಕ್ಕಟ್ಟು ಇರುವುದು ಇಲ್ಲಿಯೇ. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅಲ್ಲಿಂದ ಹಲವು ವರ್ಷಗಳ ಕಾಲ ತುಂಬುವ ಕೆಲಸ ಮನುಷ್ಯನ ಕೈಯಲ್ಲೇ ಇತ್ತು. ಒಂದು ಗೀರಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು, ಆ ಹತ್ತು ನಿಮಿಷದಲ್ಲಿ ಅನುಮಾನ ಪಡಲು ಅವಕಾಶವಿತ್ತು. ಈಗ ಮೊಬೈಲಿನ ಒಂದು ಸ್ಪರ್ಶಕ್ಕೆ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಗೀರನ್ನು ಅಳಿಸಿ, ಮುಖವನ್ನು ತಿಳಿಗೊಳಿಸಿ, ಬಣ್ಣ ಬಳಿದು ಕೊಡುತ್ತದೆ. ಆ ತಂತ್ರಾಂಶಕ್ಕೆ ಅನುಮಾನವೆಂಬುದಿಲ್ಲ. ಅದು ಲಕ್ಷಾಂತರ ಬೇರೆ ಚಿತ್ರಗಳಿಂದ ಕಲಿತ ಸರಾಸರಿಯೊಂದನ್ನು ಆಧರಿಸಿ, ಈ ಜಾಗದಲ್ಲಿ ಇಂಥ ಕಣ್ಣು ಇದ್ದಿರಬಹುದೆಂದು ಅಂದಾಜು ಮಾಡುತ್ತದೆ. ಅಂದಾಜನ್ನು ಅಂದಾಜೆಂದು ಹೇಳುವುದಿಲ್ಲ. ಸ್ಪಷ್ಟವಾದ, ಹೊಳೆಯುವ, ನಂಬುವಂಥ ಮುಖವಾಗಿ ಮುಂದಿಡುತ್ತದೆ.

ಸರಾಸರಿ ಯಾರದು ಎಂಬುದೇ ಇಲ್ಲಿನ ರಾಜಕೀಯ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಪಲ್ಸ್ ಎಂಬ ವಿಧಾನವನ್ನು ಪ್ರಕಟಿಸಿದರು. ಮಸುಕಾದ ಮುಖವೊಂದಕ್ಕೆ ಹೊಂದುವಂಥ ಸ್ಪಷ್ಟ ಮುಖವನ್ನು ಅದು ರಚಿಸುತ್ತಿತ್ತು. ಬರಾಕ್ ಒಬಾಮಾ ಅವರ ಚಿತ್ರವನ್ನು ಮಸುಕುಗೊಳಿಸಿ ಕೊಟ್ಟಾಗ ಅದರಿಂದ ಹೊರಬಂದದ್ದು ಒಬ್ಬ ಬಿಳಿಯನ ಮುಖ. ಜಗತ್ತು ಗುರುತಿಸುವ ಮುಖವಾದ್ದರಿಂದ ಆ ತಪ್ಪು ತಕ್ಷಣ ಬೆಳಕಿಗೆ ಬಂತು. ಯಾದಗಿರಿಯ ಅಥವಾ ಚಾಮರಾಜನಗರದ ಹಳ್ಳಿಯೊಂದರ ಅಜ್ಜಿಯ ಮುಖ ಹೀಗೆಯೇ ಬದಲಾದರೆ ಅದನ್ನು ಗುರುತಿಸುವವರು ಎಷ್ಟು ಜನ ಉಳಿದಿದ್ದಾರೆ? ಆಕೆಯನ್ನು ಕಂಡಿದ್ದವರೆಲ್ಲ ತೀರಿಕೊಂಡ ಮೇಲೆ, ಯಂತ್ರ ಕೊಟ್ಟ ಮುಖವೇ ಮೊಮ್ಮಕ್ಕಳ ಪಾಲಿನ ಅಜ್ಜಿಯಾಗುತ್ತದೆ.

ಇದು ಕಂಪ್ಯೂಟರಿನೊಂದಿಗೆ ಹುಟ್ಟಿದ ಪಕ್ಷಪಾತವಲ್ಲ. ಬಣ್ಣದ ಛಾಯಾಚಿತ್ರಣದ ಇತಿಹಾಸದಲ್ಲೇ ಅದು ಬೆರೆತಿದೆ. ಕೊಡಾಕ್ ಕಂಪನಿ ಬಣ್ಣಗಳ ಸಮತೋಲವನ್ನು ಸರಿಹೊಂದಿಸಲು ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ ಮಾದರಿ ಚಿತ್ರಗಳಿಗೆ ಶರ್ಲಿ ಕಾರ್ಡ್ ಎಂಬ ಹೆಸರಿತ್ತು. ದಶಕಗಳ ಕಾಲ ಆ ಕಾರ್ಡಿನಲ್ಲಿದ್ದದ್ದು ಬಿಳಿಯ ಮಹಿಳೆ. ಆಕೆಯ ಚರ್ಮ ಸರಿಯಾಗಿ ಕಂಡರೆ ಬಣ್ಣ ಸರಿ ಎಂದು ತೀರ್ಮಾನ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಈ ಇತಿಹಾಸವನ್ನು ಅಧ್ಯಯನ ಮಾಡಿದ್ದಾರೆ. ಕಪ್ಪು ಛಾಯೆಗಳು ಸರಿಯಾಗಿ ಮೂಡುತ್ತಿಲ್ಲವೆಂದು ಚಾಕೊಲೇಟ್ ತಯಾರಕರು ಮತ್ತು ಮರದ ಪೀಠೋಪಕರಣಗಳ ತಯಾರಕರು ದೂರಿದ್ದು ಕೂಡ ಫಿಲ್ಮ್ ಸುಧಾರಣೆಗೆ ಒಂದು ಕಾರಣವಾಯಿತೆಂದು ಅವರು ತೋರಿಸಿದ್ದಾರೆ. ಮನುಷ್ಯರ ಚರ್ಮಕ್ಕೆ ಸಿಗದ ಗಮನ ಸರಕಿನ ಬಣ್ಣಕ್ಕೆ ಸಿಕ್ಕಿತು.

ಭಾರತದಲ್ಲಿ ಈ ಮಾತಿಗೆ ಮತ್ತೊಂದು ಮಗ್ಗುಲಿದೆ. ಹಳೆಯ ಸ್ಟುಡಿಯೋಗಳಲ್ಲಿ ಟಚಿಂಗ್ ಎಂಬ ಕೆಲಸವಿತ್ತು. ನೆಗೆಟಿವ್‌ನ ಮೇಲೆ ಮೊನಚಾದ ಸೀಸದ ಕಡ್ಡಿಯಿಂದ ಗೆರೆ ಎಳೆದು, ಅಚ್ಚಿನಲ್ಲಿ ಮುಖ ಬೆಳ್ಳಗೆ ಕಾಣುವಂತೆ ಮಾಡುತ್ತಿದ್ದರು. ಮದುವೆಗೆಂದು ತೆಗೆಸಿದ ಹೆಣ್ಣಿನ ಚಿತ್ರಕ್ಕೆ ಅದು ಬಹುತೇಕ ಕಡ್ಡಾಯದಂತಿತ್ತು. ಬಣ್ಣದ ಕುರಿತ ತಾರತಮ್ಯ ಹೊರಗಿನಿಂದ ಬಂದ ತಂತ್ರಜ್ಞಾನಕ್ಕಾಗಿ ಕಾದು ಕುಳಿತಿರಲಿಲ್ಲ. ಹೀಗಾಗಿ ಇಂದಿನ ತಂತ್ರಾಂಶ ಅಜ್ಜಿಯ ಮುಖವನ್ನು ಎರಡು ಛಾಯೆ ತಿಳಿಯಾಗಿಸಿ ಕೊಟ್ಟಾಗ ಮನೆಯವರಿಗೆ ಅದು ತಪ್ಪೆಂದು ತೋರದೆ ಚೆನ್ನಾಗಿ ಬಂದಿದೆ ಎಂದೇ ತೋರುವ ಸಾಧ್ಯತೆ ಹೆಚ್ಚು. ಯಂತ್ರದ ಪಕ್ಷಪಾತ ಮತ್ತು ಸಮಾಜದ ಪಕ್ಷಪಾತ ಹೀಗೆ ಒಂದನ್ನೊಂದು ಒಪ್ಪಿಕೊಂಡಾಗ ಪ್ರತಿಭಟಿಸಲು ಯಾರೂ ಉಳಿಯುವುದಿಲ್ಲ.

ಬಣ್ಣ ಬಳಿಯುವುದರ ಬಗ್ಗೆಯೂ ಒಂದು ಮಾತು ಸಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಲಕ ಮತ್ತು ಫಿಲ್ಮ್‌ಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಕೆಂಪಾಗಿದ್ದುದೆಲ್ಲ ಚಿತ್ರದಲ್ಲಿ ಕಪ್ಪಾಗಿ ಬರುತ್ತಿತ್ತು. ಹಣೆಯ ಕುಂಕುಮ, ಕೆಂಪು ಸೀರೆ, ಎಲೆಯಡಿಕೆ ಮೆದ್ದ ತುಟಿ ಎಲ್ಲವೂ ಕಡುಗಪ್ಪು. ಆಕಾಶದ ನೀಲಿ ಮಾತ್ರ ಬಿಳುಪು. ಇದನ್ನರಿಯದ ತಂತ್ರಾಂಶ ಕಪ್ಪು ಸೀರೆಯನ್ನು ಕಪ್ಪೆಂದೇ ತಿಳಿದು ಬಣ್ಣ ಹಚ್ಚುತ್ತದೆ. ಮದುವೆಯ ಕೆಂಪು ಧಾರೆ ಸೀರೆ ಹೀಗೆ ಕಪ್ಪು ಸೀರೆಯಾಗಿಬಿಡಬಹುದು. ಆ ಸೀರೆಯ ಬಣ್ಣ ತಿಳಿದಿರುವುದು ಮನೆಯ ಹಿರಿಯ ಹೆಂಗಸಿಗೆ. ಆಕೆಯನ್ನು ಯಾರೂ ಕೇಳಿರುವುದಿಲ್ಲ.

ಎರಡನೆಯ ಪ್ರಶ್ನೆಗೆ, ಎಂದರೆ ತುಂಬುವ ಅಧಿಕಾರ ಯಾರದೆಂಬುದಕ್ಕೆ, ಕಾಂಬೋಡಿಯಾದ ಪ್ರಕರಣ ಕಠಿಣವಾದ ಪಾಠ ಹೇಳುತ್ತದೆ. 1975ರಿಂದ 1979ರವರೆಗೆ ಆಳಿದ ಖ್ಮೇರ್ ರೂಜ್ ಆಡಳಿತವು ನಾಮ್ ಪೆನ್ ನಗರದ ತೂಲ್ ಸ್ಲೆಂಗ್ ಎಂಬ ಶಾಲೆಯನ್ನು ಸೆರೆಮನೆಯಾಗಿಸಿತು. ಅಲ್ಲಿಗೆ ತಂದ ಸಾವಿರಾರು ಜನರ ಚಿತ್ರಗಳನ್ನು ತೆಗೆದು, ಬಳಿಕ ಚಿತ್ರಹಿಂಸೆ ಕೊಟ್ಟು ಕೊಂದರು. ಬದುಕುಳಿದವರು ಬೆರಳೆಣಿಕೆಯಷ್ಟು. ಆ ಚಿತ್ರಗಳು ಇಂದು ವಸ್ತುಸಂಗ್ರಹಾಲಯದಲ್ಲಿವೆ, ನರಮೇಧದ ಸಾಕ್ಷ್ಯವಾಗಿ ನಿಂತಿವೆ. 2021ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಕಲಾವಿದರೊಬ್ಬರು ಬಣ್ಣ ಬಳಿದ ಅಂಥ ಚಿತ್ರಗಳನ್ನು ವೈಸ್ ಪತ್ರಿಕೆ ಪ್ರಕಟಿಸಿತು. ಅವುಗಳಲ್ಲಿ ಕೆಲವರು ನಗುತ್ತಿದ್ದರು. ಮೂಲ ಚಿತ್ರಗಳೊಂದಿಗೆ ಹೋಲಿಸಿದಾಗ ಆ ನಗು ಅಲ್ಲಿರಲಿಲ್ಲವೆಂಬುದು ಬಯಲಾಯಿತು. ಸತ್ತವರ ಬಂಧುಗಳೂ ಕಾಂಬೋಡಿಯಾದ ಸಂಸ್ಕೃತಿ ಸಚಿವಾಲಯವೂ ಪ್ರತಿಭಟಿಸಿದ ಮೇಲೆ ಪತ್ರಿಕೆ ಅವುಗಳನ್ನು ಹಿಂತೆಗೆದುಕೊಂಡಿತು.

ಅಲ್ಲಿ ನಡೆದದ್ದನ್ನು ತಂತ್ರಜ್ಞಾನದ ದುರ್ಬಳಕೆ ಎಂದಷ್ಟೇ ಕರೆದರೆ ಸಾಲದು. ಸೆರೆಯಾಳುಗಳ ಮುಖದಲ್ಲಿದ್ದ ಭಯ ಅವರು ಬಿಟ್ಟುಹೋದ ಏಕೈಕ ಹೇಳಿಕೆ. ಅದನ್ನು ಅಳಿಸುವುದೆಂದರೆ ಸಾಕ್ಷಿಯ ಬಾಯಿ ಮುಚ್ಚಿಸುವುದು. ನಗುವನ್ನು ಬರೆದ ಜಾಗದಲ್ಲಿ ಕಾಣೆಯಾದ ಭಾಗವಿರಲಿಲ್ಲ, ಪ್ರತಿಭಟಿಸಿದ ಬಂಧುಗಳು ಅದನ್ನು ಒಪ್ಪಿರಲಿಲ್ಲ. ಓಫುನಾತೊದಲ್ಲಿ ಕೈಗೊಂಡ ಕೆಲಸಕ್ಕೂ ಇದಕ್ಕೂ ಇರುವ ಅಂತರ ಇಷ್ಟೇ, ಆದರೆ ಇದು ಎಲ್ಲಕ್ಕಿಂತ ದೊಡ್ಡ ಅಂತರ. ಒಂದು ಕಡೆ ಕಳೆದುಕೊಂಡವರು ಕೇಳಿದರು, ಕೈಯುಳ್ಳವರು ಮಾಡಿದರು. ಇನ್ನೊಂದು ಕಡೆ ಕೈಯುಳ್ಳವರು ಮಾಡಿದರು, ಕಳೆದುಕೊಂಡವರಿಗೆ ಆಮೇಲೆ ಗೊತ್ತಾಯಿತು.

ಇನ್ನು ಮೂರನೆಯ ಪ್ರಶ್ನೆ. ದುರಸ್ತಿಗೆ ಗೀರು ಬಿದ್ದ ಚಿತ್ರವಾದರೂ ಬೇಕು. ಕರ್ನಾಟಕದ ಸಾವಿರಾರು ಮನೆಗಳಲ್ಲಿ ಅದೂ ಇಲ್ಲ. ಜಮೀನು ಮತ್ತು ಓದು ಇದ್ದ ಕುಟುಂಬಗಳು ತಲೆಮಾರುಗಳಿಂದ ಸ್ಟುಡಿಯೋಗೆ ಹೋಗಿ ಕುರ್ಚಿ, ಹೂದಾನಿ, ಬರೆದ ಪರದೆಗಳ ಮುಂದೆ ಕುಳಿತವು. ಕೂಲಿಯ ಕುಟುಂಬಗಳಿಗೆ, ದಲಿತ ಕೇರಿಗಳಿಗೆ, ಅಲೆಮಾರಿ ಸಮುದಾಯಗಳಿಗೆ ಕ್ಯಾಮೆರಾ ಬಹಳ ತಡವಾಗಿ ಬಂತು, ಬಂದಾಗಲೂ ಅನೇಕ ವೇಳೆ ಸರ್ಕಾರದ ಕ್ಯಾಮೆರಾ ಆಗಿಯೇ ಬಂತು. 1993ರಲ್ಲಿ ಚುನಾವಣಾ ಆಯೋಗವು ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿಯನ್ನು ಜಾರಿಗೆ ತಂದ ಮೇಲೆ, ಅನೇಕ ಹಿರಿಯರ ಬದುಕಿನ ಮೊದಲ ಮತ್ತು ಕೊನೆಯ ಚಿತ್ರ ಅದೇ ಆಯಿತು. ಅವರು ತೀರಿಕೊಂಡ ಮೇಲೆ ಮನೆಯವರು ಆ ಚೀಟಿಯನ್ನು ಸ್ಟುಡಿಯೋಗೆ ಒಯ್ಯುತ್ತಾರೆ. ಬೆರಳುಗುರಿನಷ್ಟಿರುವ, ಮಸುಕಾದ, ಅರೆಗಣ್ಣು ಮುಚ್ಚಿದ ಮುಖವನ್ನು ದೊಡ್ಡದು ಮಾಡಿ, ಬದುಕಿನಲ್ಲಿ ಎಂದೂ ತೊಡದ ಕೋಟಿನ ಅಥವಾ ಉಡದ ರೇಷ್ಮೆ ಸೀರೆಯ ಮೇಲೆ ಕೂಡಿಸಿ, ಚೌಕಟ್ಟು ಹಾಕಿ, ಹಾರ ಹಾಕುತ್ತಾರೆ.

ಈ ಚಿತ್ರಗಳನ್ನು ಕಂಡು ನಗುವುದು ಸುಲಭ. ಸಾಕ್ಷ್ಯದಿಂದ ಮಾತ್ರ ತುಂಬಬೇಕೆಂಬ ನಿಯಮಕ್ಕೆ ಇವು ಹೊಂದುವುದಿಲ್ಲ ಎಂದು ತಳ್ಳಿಹಾಕುವುದೂ ಸುಲಭ. ಆದರೆ ಇಲ್ಲಿ ತುಂಬಿದವರು ಯಾರೆಂದು ಕೇಳಬೇಕು. ಆ ಕೋಟನ್ನು ಕೇಳಿದ್ದು ಮಗ. ಆ ಸೀರೆಯನ್ನು ಆರಿಸಿದ್ದು ಮಗಳು. ಬದುಕಿದ್ದಾಗ ಸಿಗದ ಘನತೆಯನ್ನು ಚಿತ್ರದಲ್ಲಾದರೂ ಕೊಡಿಸುವ ಅಧಿಕಾರವನ್ನು ಬಂಧುಗಳೇ ಚಲಾಯಿಸಿದ್ದಾರೆ. ಅದು ಕೋಟೆಂದೂ ಸ್ಟುಡಿಯೋದವರು ಕೂಡಿಸಿದ್ದೆಂದೂ ಮನೆಯ ಎಲ್ಲರಿಗೂ ತಿಳಿದಿದೆ. ಯಾರೂ ಮೋಸ ಹೋಗಿಲ್ಲ. ತಿಳಿದು ತುಂಬುವುದಕ್ಕೂ ತಿಳಿಸದೆ ತುಂಬುವುದಕ್ಕೂ ಇರುವ ವ್ಯತ್ಯಾಸ ಇದು. ಸ್ವಯಂಸೇವಕರ ಪ್ರಾಮಾಣಿಕತೆಯ ನಿಯಮವನ್ನು ಇಂಥ ಮನೆಗಳ ಮೇಲೆ ಹೊರಗಿನಿಂದ ಹೇರುವುದಾದರೆ ಅದೂ ಒಂದು ಬಗೆಯ ಯಜಮಾನಿಕೆಯೇ.

ನೆನಪಿನ ಈ ಅಸಮಾನತೆಯನ್ನು ಗುರುತಿಸಿದ ಪ್ರಯತ್ನಗಳು ದಕ್ಷಿಣ ಏಷ್ಯಾದಲ್ಲಿವೆ. ನೇಪಾಳ ಪಿಕ್ಚರ್ ಲೈಬ್ರರಿ ಸಾಮಾನ್ಯ ಕುಟುಂಬಗಳ ಚಿತ್ರಗಳನ್ನು ಡಿಜಿಟಲ್ ರೂಪದಲ್ಲಿ ಸಂಗ್ರಹಿಸುತ್ತ ಬಂದಿದೆ. ದಲಿತರ ಹೋರಾಟ ಮತ್ತು ಘನತೆಯನ್ನು ಕುರಿತು ಅದು ಪ್ರದರ್ಶನವನ್ನೂ ಪುಸ್ತಕವನ್ನೂ ರೂಪಿಸಿದೆ. ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ವಲಸಿಗರ ಚಿತ್ರ ಮತ್ತು ಕಾಗದಪತ್ರಗಳ ಡಿಜಿಟಲ್ ಪ್ರತಿ ತೆಗೆದು ಮೂಲವನ್ನು ಕುಟುಂಬದ ಬಳಿಯೇ ಉಳಿಸುತ್ತದೆ. ಗಲ್ಫ್ ತೀರದಲ್ಲಿ ಛಾಯಾಗ್ರಾಹಕರು ಕಂಡುಕೊಂಡ ಅದೇ ವಿವೇಕ ಇಲ್ಲಿಯೂ ಇದೆ.

ಕರ್ನಾಟಕಕ್ಕೆ ಈ ವಿವೇಕದ ಅಗತ್ಯ ಬಿದ್ದದ್ದು ದೂರದ ಕಾಲದಲ್ಲಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಗಳ ಮೇಲೆ ಬಿದ್ದವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಊರುಗಳೊಳಗೆ ನುಗ್ಗಿದವು. ವಿಪತ್ತು ಪರಿಹಾರದ ನಿಯಮಗಳಲ್ಲಿ ಮನೆಗೆ, ಬೆಳೆಗೆ, ಜಾನುವಾರಿಗೆ, ಪಾತ್ರೆ ಬಟ್ಟೆಗೆ ಲೆಕ್ಕವಿದೆ. ಕೆಸರಲ್ಲಿ ಹೂತ ಆಲ್ಬಂಗೆ ಲೆಕ್ಕವಿಲ್ಲ. ಲೆಕ್ಕ ಇರಬೇಕೆಂದು ಸರ್ಕಾರವನ್ನು ಕೇಳುವುದಕ್ಕಿಂತ, ನೆರೆ ಇಳಿದ ಮೊದಲ ವಾರದಲ್ಲಿ ಒದ್ದೆ ಚಿತ್ರಗಳನ್ನು ಎಸೆಯಬೇಡಿ, ಒಂದರಿಂದೊಂದನ್ನು ಕೀಳಬೇಡಿ, ತಣ್ಣೀರಿನಲ್ಲಿ ನಿಧಾನವಾಗಿ ಬಿಡಿಸಿ ನೆರಳಲ್ಲಿ ಒಣಗಿಸಿ ಎಂದು ಕನ್ನಡದಲ್ಲಿ ಹೇಳುವ ಒಂದು ಪುಟದ ಕರಪತ್ರ ಹೆಚ್ಚು ಚಿತ್ರಗಳನ್ನು ಉಳಿಸಬಲ್ಲದು. ಜಪಾನಿನ ಅನುಭವ ಹೇಳುವುದು ಇದನ್ನೇ. ದುಬಾರಿ ಸಾಧನಗಳು ಬೇಕಿರಲಿಲ್ಲ. ಬೇಕಿದ್ದದ್ದು ತಿಳಿವಳಿಕೆ, ಹಗ್ಗ, ಕ್ಲಿಪ್ಪು, ಮತ್ತು ಅಪರಿಚಿತರಿಗಾಗಿ ಖರ್ಚು ಮಾಡಲು ಸಿದ್ಧವಿದ್ದ ಸಮಯ.

ಹೊರದೇಶಗಳಲ್ಲಿರುವ ಕನ್ನಡಿಗರು ಈ ಕೆಲಸದಲ್ಲಿ ವಿಶೇಷವಾದ ಸ್ಥಾನದಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ತಂತ್ರಾಂಶದ ಪರಿಚಯವಿದೆ, ಒಳ್ಳೆಯ ಸ್ಕ್ಯಾನರ್ ಇದೆ, ವಾರಾಂತ್ಯವಿದೆ. ಊರಿಗೆ ಹೋದಾಗಲೆಲ್ಲ ಅಟ್ಟದ ಟ್ರಂಕಿನಿಂದ ಹಳೆಯ ಆಲ್ಬಂ ತೆಗೆದು ಮೊಬೈಲಿನಲ್ಲಿ ಚಿತ್ರ ಹಿಡಿದು, ವಿಮಾನ ಹತ್ತುವ ಮೊದಲೇ ಯಾವುದೋ ತಂತ್ರಾಂಶದಲ್ಲಿ ಹೊಳಪು ಕೊಟ್ಟು ಬಂಧುಗಳಿಗೆಲ್ಲ ಹಂಚುವುದು ಈಗ ಸಾಮಾನ್ಯ. ಆ ಆತುರದಲ್ಲಿ ಕಳೆದುಹೋಗುವುದು ಮೂಲ. ಹೊಳಪಿನ ಪ್ರತಿ ಎಲ್ಲರ ಬಳಿ ಇರುತ್ತದೆ, ಗೀರಿನ ಪ್ರತಿ ಯಾರ ಬಳಿಯೂ ಇರುವುದಿಲ್ಲ. ಹತ್ತು ವರ್ಷಗಳ ನಂತರ ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂದು ಬಿಡಿಸಿ ಹೇಳಲು ಸಾಧ್ಯವಾಗದು.

ಇದಕ್ಕೆ ಪರಿಹಾರ ಕಷ್ಟವಲ್ಲ. ಚಿತ್ರವನ್ನು ಇರುವ ಹಾಗೆಯೇ, ಗೀರು ಕಲೆಗಳ ಸಮೇತ, ಇಂಚಿಗೆ ಕನಿಷ್ಠ 600 ಬಿಂದುಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ ಮುಟ್ಟದೆ ಇಡಬೇಕು. ಬೆನ್ನಿನ ಕಡೆಯನ್ನೂ ಸ್ಕ್ಯಾನ್ ಮಾಡಬೇಕು. ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ಬರೆದ ಇಸವಿ, ಅರ್ಧ ಅಳಿಸಿದ ಹೆಸರು ಇರುವುದು ಅಲ್ಲಿ. ದುರಸ್ತಿಯನ್ನು ಬೇರೆ ಪ್ರತಿಯ ಮೇಲೆ, ಬೇರೆ ಪದರದಲ್ಲಿ ಮಾಡಿ, ಏನನ್ನು ತುಂಬಲಾಯಿತೆಂದು ಎರಡು ಸಾಲು ಬರೆದಿಡಬೇಕು. ಮುಖದ ಬಣ್ಣವನ್ನು ತಿಳಿಗೊಳಿಸುವ ಆಯ್ಕೆಯನ್ನು ಆರಿಸಬಾರದು. ಸೀರೆಯ ಬಣ್ಣವನ್ನು ಯಂತ್ರವನ್ನು ಕೇಳುವ ಮುನ್ನ ಊರಿಗೆ ಫೋನು ಮಾಡಿ ಕೇಳಬೇಕು. ಆ ಒಂದು ಫೋನು ಚಿತ್ರದಲ್ಲಿಲ್ಲದ ಹತ್ತು ಸಂಗತಿಗಳನ್ನು ತಂದುಕೊಡುವುದು ಖಂಡಿತ. ಅವನ್ನು ಹೇಳಬಲ್ಲವರು ಎಂಬತ್ತು ದಾಟಿದ್ದಾರೆ. ಚಿತ್ರಕ್ಕಿಂತ ಬೇಗ ಅಳಿಸಿಹೋಗುವುದು ಅವರ ಮಾತು.

ಇಷ್ಟು ಮಾಡಿದ ಮೇಲೆ ಇನ್ನೊಂದು ಹೆಜ್ಜೆ ಉಳಿಯುತ್ತದೆ. ವಲಸೆ ಹೋಗಲು ಸಾಧ್ಯವಾದ ಕುಟುಂಬಗಳಲ್ಲಿ ಬಹುಪಾಲು ಆಲ್ಬಂ ಇದ್ದ ಕುಟುಂಬಗಳೇ. ಅವು ತಮ್ಮ ಆಲ್ಬಂಗಳನ್ನಷ್ಟೇ ಸರಿಪಡಿಸಿಕೊಂಡರೆ ನಾಳಿನ ಕನ್ನಡ ಸಮಾಜದ ದೃಶ್ಯ ಇತಿಹಾಸದಲ್ಲಿ ಅವರ ಮುಖಗಳು ಇನ್ನಷ್ಟು ಸ್ಪಷ್ಟವಾಗುತ್ತವೆ, ಉಳಿದವರ ಮುಖಗಳು ಇನ್ನಷ್ಟು ಮಸುಕಾಗುತ್ತವೆ. ನೂರು ಚಿತ್ರಗಳಿರುವ ಮನೆಯ ನೂರೊಂದನೆಯ ಚಿತ್ರಕ್ಕಿಂತ ಒಂದೇ ಚಿತ್ರವಿರುವ ಮನೆಯ ಆ ಒಂದು ಗುರುತಿನ ಚೀಟಿ ಮೊದಲು ಮೇಜಿಗೆ ಬರಬೇಕು. ಯಾರ ಮುಖ ಮೊದಲು ಉಳಿಯಬೇಕೆಂದು ತೀರ್ಮಾನಿಸುವುದು ಒಂದು ರಾಜಕೀಯ ಕ್ರಿಯೆ. ಈ ಕೆಲಸವನ್ನು ಹವ್ಯಾಸವೆಂದು ಕರೆದರೂ ಆ ತೀರ್ಮಾನ ನಡೆಯುತ್ತಲೇ ಇರುತ್ತದೆ, ಗಮನಕ್ಕೆ ಬಾರದೆ ನಡೆಯುತ್ತದೆ ಅಷ್ಟೆ.

ಓಫುನಾತೊದ ಚಿತ್ರಗಳ ಮೇಲೆ ಕೆಲಸ ಮಾಡಿದ 500 ಜನರಲ್ಲಿ ಬಹುತೇಕರು ಆ ಊರನ್ನು ಕಂಡವರಲ್ಲ, ಆ ಭಾಷೆ ಬಲ್ಲವರಲ್ಲ. ತಮ್ಮದಲ್ಲದ ಮುಖವನ್ನು ತಮ್ಮದೆಂಬಷ್ಟು ಎಚ್ಚರದಿಂದ ಮುಟ್ಟಿದರು, ಕೆಲಸ ಮುಗಿದ ಮೇಲೆ ಅದು ತಮ್ಮದಲ್ಲವೆಂದು ಮರಳಿಸಿದರು. ಊರನ್ನು ಕಂಡ, ಭಾಷೆ ಬಲ್ಲ ಕನ್ನಡಿಗರಿಗೆ ಈ ಕೆಲಸ ಅದಕ್ಕಿಂತ ಸುಲಭವಾಗಬೇಕು.